ವೈಂಡಿಂಗ್ ಅಂಗಡಿಯ ಹಗುರ ಕೆಲಸ

ಹಳೇಕೋಟೆಯ ರೈತರೊಬ್ಬರ ಮೋಟರು ಕೊಣನೂರಿಗೆ ಹೋಗಿಬಿಟ್ಟಿತ್ತು. ಕೊಣನೂರಿನವರ ಮೋಟರು ಹಳೇಕೋಟೆಯ ಕೊಳವೆಬಾವಿಗೆ ಇಳಿದೂ ಆಗಿತ್ತು. ಇಳಿಸಿ ಸ್ವಿಚ್ಚು ಹಾಕಿದರೆ ನೀರೇ ಮೇಲೆ ಬರಲಿಲ್ಲ. ಬರುವುದಾದರೂ ಹೇಗೆ, ಅದು ಅಷ್ಟು ಆಳದಿಂದ ಎತ್ತುವ ಮೋಟರೇ ಅಲ್ಲ. ಪೈಪು, ಕೇಬಲ್ಲು ಎಲ್ಲವನ್ನೂ ಮತ್ತೆ ಮೇಲಕ್ಕೆಳೆಸಿ, ಆ ರೈತರು ಸುಟ್ಟ ಮೋಟರಿಗೆ ತಂತಿ ಸುತ್ತಿಕೊಡುವ ಹೊಳೆನರಸೀಪುರದ ವೈಂಡಿಂಗ್ ಅಂಗಡಿಯ ಮುಂದೆ ನಿಂತು ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿತಂತೆ. ಮೋಟರು ಅದಲುಬದಲು ಮಾಡಿ ಕೊಟ್ಟವನು ನಮ್ಮ ಪೇಷಂಟು.

ನಾನು ಹಾಸನದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಔಷಧಿ ಬರೆಯುವುದು ಮನೋವೈದ್ಯರ ಕೆಲಸ. ರೋಗಿಯ ಗಮನ, ನೆನಪು, ಯೋಚನೆಯ ವೇಗ ಇವನ್ನು ಅಳೆದು, ಎಲ್ಲಿ ಕುಂಟುತ್ತಿದೆಯೋ ಅಲ್ಲಿಗೆ ಅಭ್ಯಾಸ ಕೊಡುವುದು ನನ್ನ ಕೆಲಸ. ನಮ್ಮ ತಂಡ ಸರದಿಯ ಮೇಲೆ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಿಗೂ ಹೋಗಿ ರೋಗಿಗಳನ್ನು ನೋಡುತ್ತದೆ. ಮೋಟರಿನ ಗಲಾಟೆಯಾದ ವಾರ ಹೊಳೆನರಸೀಪುರದಲ್ಲಿ ನಾವು ಕುರ್ಚಿ ಎಳೆದುಕೊಂಡು ಕೂರುವ ಮೊದಲೇ ಮೂವರು ಬಾಗಿಲಲ್ಲಿ ನಿಂತಿದ್ದರು. ಪೇಷಂಟು, ಅವನ ಅಕ್ಕ, ಅಕ್ಕನ ಗಂಡ. ಅಂಗಡಿ ಆ ಭಾವನದೇ. ಪೇಷಂಟನ್ನು ಇಲ್ಲಿ ತಮ್ಮ ಎಂದೇ ಕರೆಯುತ್ತೇನೆ. ಅಕ್ಕ ಹಾಗೆ ಕರೆಯುತ್ತಿದ್ದುದನ್ನು ಕೇಳಿ ಕೇಳಿ ನನ್ನ ಬಾಯಿಗೂ ಅದೇ ಬಂದಿದೆ.

ತಮ್ಮನಿಗೆ ಸ್ಕಿಜೋಫ್ರೇನಿಯಾ. ಯಾರೂ ಇಲ್ಲದ ಕಡೆ ಯಾರೋ ಬೈಯುವುದು ಕೇಳುತ್ತಿತ್ತು, ಅಕ್ಕಪಕ್ಕದವರೆಲ್ಲ ತನಗೆ ಕೇಡು ಮಾಡಲು ಕೂಡಿಕೊಂಡಿದ್ದಾರೆ ಎನ್ನಿಸುತ್ತಿತ್ತು. ಕಾಯಿಲೆ ಬರುವ ಮುಂಚೆ ಭಾವನ ಅಂಗಡಿಯಲ್ಲಿ ಬೋರ್‌ವೆಲ್ ಮೋಟರಿಗೆ ತಂತಿ ಸುತ್ತುವುದರಲ್ಲಿ ಪಳಗಿದ ಕೈ. ಮಾತ್ರೆ ಹಿಡಿಸಿ ಆ ಧ್ವನಿ, ಆ ಅನುಮಾನ ಎರಡೂ ಅಡಗಿದ್ದವು. ಮತ್ತೆ ಅಂಗಡಿಗೆ ಹೋಗಲು ಶುರುಮಾಡಿದ್ದ. ಹೋದ ಮೇಲೆ ಒಂದಾದ ಮೇಲೊಂದು ಎಡವಟ್ಟು.

"ವಾಸಿಯಾಗೈತೆ ಅಂತ ನೀವೇ ಏಳುದ್ರಿ ಸಾ," ಎಂದರು ಭಾವ, ನಮ್ಮ ಡಾಕ್ಟರಿಗೆ. "ಒಪ್ಕಂಡೆ. ಸುಸ್ತಾಗಬಾರ್ದು ಅಂತ ಅಗುರ ಕೆಲ್ಸನೇ ಕೊಟ್ಟೆ. ಕೌಂಟ್ರುತಾವ ನಿಂತ್ಕಂಡು ಮೋಟ್ರು ಇಸ್ಕಳಾದು, ಕೊಡಾದು, ಅಷ್ಟೇ. ಅದ್ನೇ ಮಾಡಕ್ಕಾಗ್ದೋನು ಇನ್ನೇನ್ ಮಾಡಾನು?"

"ನಂಗೆ ಸುತ್ತಾಕೆ ಕೊಡಲ್ಲ ಬಾವ," ಎಂದ ತಮ್ಮ, ನೆಲ ನೋಡಿಕೊಂಡು.

"ಕೊಡ್ತೀನಿ ಕಣ್ಲಾ. ಮೊದ್ಲು ಇದ್ನ ನೆಟ್ಗೆ ಮಾಡು."

ಬೇಸಿಗೆ ಹತ್ತಿರವಾಗಿತ್ತು. ಶಿವರಾತ್ರಿ ಕಳೆದರೆ ಮೋಟರುಗಳು ಸಾಲುಸಾಲಾಗಿ ಸುಟ್ಟುಕೊಂಡು ಬರುವ ಕಾಲ. ಭಾವ ಚನ್ನರಾಯಪಟ್ಟಣದ ಒಬ್ಬ ವೈಂಡರ್ ಜೊತೆ ಆಗಲೇ ಮಾತಾಡಿಟ್ಟಿದ್ದರು. ಅಂಗಡಿಯಲ್ಲಿ ಇರುವುದು ಎರಡು ಬೆಂಚು, ಒಂದು ಭಾವನದು. ಇನ್ನೊಂದರಲ್ಲಿ ಆ ಮನುಷ್ಯ ಕೂತರೆ ತಮ್ಮನಿಗೆ ಜಾಗವಿಲ್ಲ.

ಅವರಿಬ್ಬರೂ ಹೊರಗೆ ಹೋದ ಮೇಲೆ ಅಕ್ಕ ನನ್ನ ಬಳಿ ನಿಂತಳು. "ಕೆಲ್ಸ ಓದ್ರೆ ಗ್ವಾಡೆ ನೋಡ್ಕಂಡು ಕೂತ್ಬುಡ್ತಾನೆ ಕಣ್ ಮೇಡಂ. ಓದ್ಸಲನೂ ಇಂಗೇ ಆಯ್ತು. ಎದ್ದು ಎಲ್ಗೋಗ್ಬೇಕು, ಯಾಕೆ ನುಂಗ್ಬೇಕು ಮಾತ್ರೆಯ ಅಂತ ಬಿಸಾಕ್ಬುಟ್ಟ. ಆಮ್ಯಾಕೆ ಏನಾಯ್ತು ಅಂತ ನೀವೇ ನೋಡಿದ್ರಲ್ಲ."

ನೋಡಿದ್ದೆ. ಹೊಳೆಯ ದಂಡೆಯಲ್ಲಿ ಹುಡುಕಿ ತಂದಿದ್ದರು ಅವನನ್ನು. ಹಾಗಾಗಿ ಆ ಬೆಂಚು ಅವನಿಗೆ ಬರೀ ಹೊಟ್ಟೆಪಾಡಲ್ಲ, ಮಾತ್ರೆ ನುಂಗಲು ಒಂದು ಕಾರಣ. ಅದು ನನಗೂ ಡಾಕ್ಟರಿಗೂ ಚೆನ್ನಾಗಿ ಗೊತ್ತಿತ್ತು.

ಡಾಕ್ಟರು ಮಾತು ಕಮ್ಮಿಯ ಮನುಷ್ಯ. "ಧ್ವನಿ ಹೋಗಿದೆ, ಮಾತ್ರೆ ತನ್ನ ಪಾಲಿನ ಕೆಲಸ ಮಾಡಿದೆ. ಇನ್ನೇನು ಉಳಿದಿದೆ ಅಂತ ನೀನು ನೋಡಮ್ಮ," ಎಂದರು. ಈ ಕಾಯಿಲೆಯಲ್ಲಿ ಮನೆಯವರಿಗೆ ಕಾಣುವುದು ಒಬ್ಬನೇ ಮಾತಾಡುವುದು, ಸಿಡಿಮಿಡಿ, ಅನುಮಾನ. ಅದು ನಿಂತರೆ ವಾಸಿಯಾಯಿತು ಎಂದುಕೊಳ್ಳುತ್ತಾರೆ. ಆದರೆ ಗಮನ ನಿಲ್ಲದಿರುವುದು, ಕೇಳಿದ್ದು ತಲೆಯಲ್ಲಿ ಉಳಿಯದಿರುವುದು ಕಾಯಿಲೆಯದೇ ಇನ್ನೊಂದು ಮುಖ. ಅದು ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ. ರೋಗಿ ಮುಂದೆ ಕೆಲಸಕ್ಕೆ ನಿಲ್ಲುತ್ತಾನೋ, ಮಾತ್ರೆ ಬಿಡದೆ ತೆಗೆದುಕೊಳ್ಳುತ್ತಾನೋ ಎಂಬುದನ್ನು ಧ್ವನಿ ಕೇಳುತ್ತಿತ್ತೇ ಎನ್ನುವುದಕ್ಕಿಂತ ಈ ಮುಖವೇ ಹೆಚ್ಚು ಹೇಳುತ್ತದೆ. ಮನೆಯವರು ಮಾತ್ರ ಅದಕ್ಕೆ ಸೋಮಾರಿತನ ಎಂದು ಹೆಸರಿಟ್ಟಿರುತ್ತಾರೆ. ಆ ಹೆಸರು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ತಮ್ಮನನ್ನು ಹಾಸನಕ್ಕೆ ಕರೆಸಿ, ಕಿಟಕಿ ಮುಚ್ಚಿದ ಸದ್ದಿಲ್ಲದ ಕೋಣೆಯಲ್ಲಿ ಪರೀಕ್ಷೆಗೆ ಕೂರಿಸಿದೆ. ಒಂದಷ್ಟು ಪದ ಓದಿ ಹೇಳುತ್ತೇನೆ, ನೆನಪಿರುವಷ್ಟನ್ನು ಅವನು ವಾಪಸ್ ಹೇಳಬೇಕು. ಅಂಕಿಗಳನ್ನು ಕೇಳಿಸಿ ಹಿಂದುಮುಂದಾಗಿ ಹೇಳಿಸುತ್ತೇನೆ. ಹರಡಿದ ಅಂಕಿ ಮತ್ತು ಅಕ್ಷರಗಳನ್ನು ಒಂದು ಅಂಕಿ, ಒಂದು ಅಕ್ಷರ ಎಂಬ ಸರದಿಯಲ್ಲಿ ಗೆರೆ ಎಳೆದು ಕೂಡಿಸಬೇಕು. ಕಡೆಯದು ಕನ್ನಡಿಯ ಪರೀಕ್ಷೆ. ಕಾಗದದ ಮೇಲಿನ ನಕ್ಷತ್ರವನ್ನು ನೇರವಾಗಿ ನೋಡುವಂತಿಲ್ಲ, ಎದುರಿನ ಕನ್ನಡಿಯಲ್ಲಿ ನೋಡಿಕೊಂಡು ಅದರ ಗೆರೆಯ ಮೇಲೆ ಪೆನ್ಸಿಲ್ ಓಡಿಸಬೇಕು. ಯಾರೇ ಆಗಲಿ ಮೊದಲ ಸಲ ಪೆನ್ಸಿಲನ್ನು ಎತ್ತೆತ್ತಲೋ ಒಯ್ಯುತ್ತಾರೆ. ಮಾಡುತ್ತಾ ಮಾಡುತ್ತಾ ಕೈ ತಾನೇ ಕಲಿಯಬೇಕು.

ಪದಗಳಲ್ಲಿ ತಮ್ಮ ಸೋತ. ಎಷ್ಟು ಸಲ ಓದಿ ಹೇಳಿದರೂ ಕೆಲವೇ ಪದ ಬಂದವು. ಅಂಕಿ ಹಿಂದುಮುಂದು ಮಾಡುವುದು ಆಗಲೇ ಇಲ್ಲ. ಎರಡು ವಿಷಯವನ್ನು ಒಟ್ಟಿಗೆ ಹಿಡಿಯಬೇಕಾದ ಕಡೆಯೆಲ್ಲ ಬೆವರಿದ. ಕನ್ನಡಿಯ ಪರೀಕ್ಷೆಯಲ್ಲಿ ಮಾತ್ರ ಸಲದಿಂದ ಸಲಕ್ಕೆ ಗೆರೆ ನೆಟ್ಟಗಾಯಿತು. ಮಧ್ಯಾಹ್ನ ಊಟ ಮಾಡಿ ಬಂದ ಮೇಲೆ ಮತ್ತೆ ಕೊಟ್ಟೆ, ಬೆಳಗಿನದಕ್ಕಿಂತ ಚೆನ್ನಾಗಿ ಮಾಡಿದ.

ಡಾಕ್ಟರು ಒಟ್ಟು ಅಂಕ ನೋಡಿ ಕನ್ನಡಕ ತೆಗೆದರು. "ಇಷ್ಟಕ್ಕೆ ಕೆಲಸಕ್ಕೆ ಮರಳೋದು ಕಷ್ಟ ಕಣಮ್ಮ. ಭಾವನಿಗೆ ಇದ್ದದ್ದನ್ನ ಇದ್ದ ಹಾಗೆ ಹೇಳೋಣ."

"ಹೇಳೋಣ ಸರ್. ಆದರೆ ನನಗೆ ಸ್ವಲ್ಪ ಕಾಲ ಕೊಡಿ," ಎಂದೆ.

ಕೊಟ್ಟರು. ಜೊತೆಗೆ ತಾವೂ ಒಂದು ಕೆಲಸ ಮಾಡಿದರು. ಮುಖ್ಯ ಮಾತ್ರೆಯಿಂದ ಕೈನಡುಕ ಬಾರದಿರಲೆಂದು ಇನ್ನೊಂದು ಸಣ್ಣ ಮಾತ್ರೆಯೂ ನಡೆಯುತ್ತಿತ್ತು. ಬಹುಕಾಲ ನಡೆದರೆ ಅದು ನೆನಪನ್ನು ಮಂಕು ಮಾಡಬಲ್ಲದು. ನಡುಕ ಈಗಿಲ್ಲ ಎಂದು ಖಾತ್ರಿ ಮಾಡಿಕೊಂಡು ಅದನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿದರು.

ನಾನು ನನ್ನ ಅಭ್ಯಾಸ ಶುರುಮಾಡಿದೆ. ದಿನಪತ್ರಿಕೆಯಲ್ಲಿ ಒಂದು ಅಕ್ಷರ ಕಂಡಲ್ಲೆಲ್ಲ ಗೀಟು ಹಾಕುವುದು, ಚಿತ್ರ ನೋಡಿ ಮುಚ್ಚಿಟ್ಟು ನೆನಪಿಸಿಕೊಳ್ಳುವುದು, ಧಾನ್ಯ ಬೇರೆ ಮಾಡುವುದು. ನಮ್ಮಲ್ಲಿ ಎಲ್ಲರೂ ಮೊದಲು ಮಾಡಿಸುವುದು ಇದನ್ನೇ. ತಮ್ಮ ಮನೆಯಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಮುಖದ ಮಬ್ಬು ಕಳೆಯಿತು, ಮಾತು ಚುರುಕಾಯಿತು, ಗೀಟು ಹಾಕುವುದರಲ್ಲಂತೂ ಎತ್ತಿದ ಕೈಯಾದ. ನಾನು ಒಳಗೊಳಗೇ ಬೀಗುತ್ತಿದ್ದೆ.

ಅಷ್ಟರಲ್ಲಿ ಭಾವನ ಫೋನು ಬಂತು. ಇನ್ನೂ ಬಿಚ್ಚದೇ ಇದ್ದ ಮೋಟರನ್ನು ತಮ್ಮ ರೆಡಿಯಾಗಿದೆ ಎಂದು ಹೇಳಿ, ಯಾರೋ ಗಾಡಿ ಬಾಡಿಗೆ ಮಾಡಿಕೊಂಡು ಬರುವಂತೆ ಮಾಡಿದ್ದ.

"ಪೇಪರ್‌ನಾಗೆ ಗೀಟು ಆಕಾದು ಚೆನ್ನಾಗಿ ಕಲ್ತವ್ನೆ ಮೇಡಂ," ಎಂದರು ಭಾವ. "ಮೋಟ್ರು ಗುರ್ತು ಮಾತ್ರ ಸಿಕ್ಕಲ್ಲ. ತಪ್ಪು ತಿಳೀಬ್ಯಾಡಿ, ಸೋಮ್ವಾರ ಚನ್ರಾಯ್‌ಪಟ್ಣದೋನು ಬತ್ತಾನೆ."

ಅವರು ಕೆಟ್ಟ ಮನುಷ್ಯರಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಮಾರನೆಯ ದಿನ ಹೊಳೆನರಸೀಪುರದ ಬಸ್ಸು ಹತ್ತಿದೆ. ಅಂಗಡಿಗೆ ಬರಲೇ ಎಂದು ತಮ್ಮನನ್ನು ಮೊದಲೇ ಕೇಳಿದ್ದೆ. "ಬನ್ನಿ, ಡಾಕ್ಟ್ರು ಮೇಡಂ ಅಂತ ಮಾತ್ರ ಏಳ್ಬ್ಯಾಡಿ," ಎಂದಿದ್ದ. ಹಾಗಾಗಿ ಮೋಟರು ಕೊಟ್ಟು ಕಾಯುವ ಗಿರಾಕಿಗಳ ನಡುವೆ ನಾನೂ ಒಬ್ಬ ಗಿರಾಕಿಯಂತೆ ಕೂತೆ.

ಕೂತ ಸ್ವಲ್ಪ ಹೊತ್ತಿಗೇ ನನಗೆ ಬೆವರು ಬಂತು. ಅಲ್ಲಿ ಮೋಟರಿಗೆ ಚೀಟಿ ಕಟ್ಟುವ ಪದ್ಧತಿಯೇ ಇಲ್ಲ. ಊರ ಹೆಸರು, ಮನೆತನದ ಹೆಸರು, ಅಷ್ಟೇ ಗುರುತು. "ಹಳೇಕೋಟೆ ಮೂಲೆಮನೇದು ಕಣಪ್ಪ, ಬುಶ್ಶು ಓಗೈತೆ, ನಾಡಿದ್ದು ಬತ್ತೀನಿ" ಎಂದು ಒಬ್ಬರು ಇಳಿಸಿ ಹೋಗುವ ಮೊದಲೇ ಇನ್ನೊಬ್ಬರು "ನಮ್ದು ಓದ್ವಾರದ್ದು, ಕೇಬಲ್ಲೂ ಕೊಟ್ಟಿದ್ದೆ" ಎನ್ನುತ್ತಾರೆ. ಒಳಗಿನಿಂದ ಭಾವ "ಲೇ, ಆ ತಂತಿ ಸುರುಳಿ ಕೊಡ್ಲಾ" ಎಂದು ಕೂಗುತ್ತಾರೆ. ಫೋನು ಹೊಡೆದುಕೊಳ್ಳುತ್ತದೆ. ಎಲ್ಲ ಮೋಟರೂ ಒಂದೇ ಬಣ್ಣದ, ಹೆಚ್ಚುಕಡಿಮೆ ಒಂದೇ ಉದ್ದದ ಕೊಳವೆಗಳು. ಪರೀಕ್ಷೆ ಮಾಡುವವಳು ನಾನು ತಾನೇ, ನೋಡೋಣ ಎಂದು ನೆನಪಿಟ್ಟುಕೊಳ್ಳಲು ಹೊರಟೆ. ನಾಲ್ಕನೆಯ ಗಿರಾಕಿ ಬರುವಷ್ಟರಲ್ಲಿ ನನ್ನ ತಲೆಯೇ ಕಲಸಿಹೋಗಿತ್ತು.

ಭಾವನಿಗೆ ಅದು ಹಗುರ ಕೆಲಸ. ಎಷ್ಟೋ ವರ್ಷದಿಂದ ಸುತ್ತಲಿನ ಊರುಗಳನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡ ಮನುಷ್ಯ. ಕೈಗೆ ಮಸಿ ಹತ್ತುವುದಿಲ್ಲ, ಸೊಂಟ ಬಗ್ಗಿಸಬೇಕಿಲ್ಲ, ಪಾಪ ಕಾಯಿಲೆಯವನು ನಿಂತುಕೊಂಡಿರಲಿ ಎಂದು ಪ್ರೀತಿಯಿಂದಲೇ ಕೊಟ್ಟಿದ್ದರು. ಆದರೆ ಕೇಳಿದ್ದನ್ನು ನೆನಪಿಡುವುದು, ಎರಡನ್ನು ಒಟ್ಟಿಗೆ ಹಿಡಿಯುವುದು, ನಡುವೆ ಬಂದ ಮಾತು ದಾಟಿ ಹಿಂದಿನದಕ್ಕೆ ಮರಳುವುದು, ತಮ್ಮ ನನ್ನ ಪರೀಕ್ಷೆಯಲ್ಲಿ ಎಲ್ಲೆಲ್ಲಿ ಸೋತಿದ್ದನೋ ಅದೆಲ್ಲ ಆ ಕೌಂಟರಿನಲ್ಲಿತ್ತು. ಅವನು ಗೆದ್ದದ್ದು ಕನ್ನಡಿಯ ನಕ್ಷತ್ರದಲ್ಲಿ. ಕೈ ಕಲಿತದ್ದು ಅವನಲ್ಲಿ ಉಳಿದಿತ್ತು. ಆ ಕೈಗೆ ಕೆಲಸ ಇದ್ದದ್ದು ಒಳಗಿನ ಬೆಂಚಿನಲ್ಲಿ. ಹಗುರವಾದದ್ದರಲ್ಲಿ ಪಾಸಾದರೆ ಭಾರದ್ದು ಕೊಡುತ್ತೇನೆ ಎಂದು ಕಾದು ಕೂತರೆ ಆ ದಿನ ಬರುವುದೇ ಇಲ್ಲ.

ಹೊರಗೆ ಬಂದು ಡಾಕ್ಟರಿಗೆ ಫೋನು ಮಾಡಿ, ತಮ್ಮನನ್ನು ಬೆಂಚಿಗೆ ಕೂರಿಸಿ ನೋಡೋಣ ಎಂದೆ.

"ಅಂಕ ಬೇಡ ಅನ್ನುತ್ತಿದೆ, ನೀನು ಬೇಕು ಅನ್ನುತ್ತಿದ್ದೀಯ," ಎಂದರು.

"ಅಂಕ ಕೌಂಟರ್ ಬೇಡ ಅನ್ನುತ್ತಿದೆ ಸರ್. ಬೆಂಚು ಬೇಡ ಅಂತ ಎಲ್ಲೂ ಅಂದಿಲ್ಲ. ಒಟ್ಟು ಕೂಡಿಸಿದ್ದಕ್ಕೆ ಅದು ಕಾಣಿಸಲಿಲ್ಲ, ಬಿಡಿಬಿಡಿಯಾಗಿ ನೋಡಿ."

ಅವರು ಕಾಗದ ತೆಗೆದು ನೋಡುವವರೆಗೂ ಕಾದೆ. "ಸರಿ, ಮಾಡು. ನಿದ್ದೆ, ಅನುಮಾನ, ಧ್ವನಿ, ಮೂರನ್ನೂ ತಪ್ಪದೆ ವಿಚಾರಿಸುತ್ತಿರು. ಏನೇ ಬದಲಾದರೂ ಅವತ್ತೇ ನನಗೆ ಹೇಳಬೇಕು," ಎಂದರು.

ಭಾವ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. "ತಾಮ್ರ ಮೇಡಂ ಅದು! ಒಂದ್ ಸುತ್ತು ಎಚ್ಚುಕಮ್ಮಿ ಆದ್ರೆ ಮೋಟ್ರು ಮತ್ತೆ ಸುಟ್ಕತದೆ. ಕೌಂಟ್ರಲ್ಲೇ ನಿಗಾ ಇಲ್ದೋನು ಎಂಗೆ ಎಣಿಸ್ತಾನೆ?"

"ಗುಜರಿಗೆ ಇಟ್ಟಿರೋ ಮೋಟರು ಒಂದು ಕೊಡಿ. ಬಿಚ್ಚಿದ ಹಳೇ ತಂತಿ ಸಾಕು. ಹೋದರೆ ಏನು ಹೋಗುತ್ತೆ ನಿಮ್ಮದು? ಸೋಮವಾರದವನಿಗೆ ಮುಂದಿನ ಸೋಮವಾರ ಬಾ ಅನ್ನಿ."

ತಮ್ಮ ಆಗಲೇ ಒಳಗೆ ಹೋಗಿ ಬೆಂಚಿನ ಮೇಲಿನ ಧೂಳು ಒರೆಸುತ್ತಿದ್ದ. ಅದನ್ನು ನೋಡಿ ಭಾವನ ಮುಖದ ಬಿಗಿ ಇಳಿಯಿತು. "ಆಯ್ತು, ಒಂದ್ ವಾರ," ಎಂದರು.

ತಮ್ಮ ಸುಟ್ಟ ತಂತಿ ಕಿತ್ತು, ಮೋಟರಿನ ಒಳಗಿನ ಸಂದುಗಳನ್ನು ಉಜ್ಜಿ ಹೊಳೆಯುವಂತೆ ಮಾಡಿದ. ಸಂದಿನಿಂದ ಸಂದಿಗೆ ತಂತಿ ತೂರಿಸಿ ಎಳೆದು, ಮತ್ತೆ ತೂರಿಸಿ ಎಳೆಯುವ ಕೆಲಸಕ್ಕೆ ಅವನ ಬೆರಳು ಒಂದು ಸಲವೂ ತಡವರಿಸಲಿಲ್ಲ. ಯಾವ ಸಂದಿನಿಂದ ಯಾವುದಕ್ಕೆ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ಆದರೆ ಎಣಿಕೆ ತಪ್ಪಿತು. ಸುತ್ತನ್ನು ಅವನು ಬಾಯಲ್ಲೇ ಎಣಿಸುತ್ತಿದ್ದ. ಹೊರಗೆ ಯಾರೋ ಜೋರಾಗಿ ನಕ್ಕರೆ ಅಂಕಿ ಹಾರಿಹೋಗುತ್ತಿತ್ತು. ಪೂರ್ತಿ ಬಿಚ್ಚಿ ಮೊದಲಿಂದ ಸುತ್ತಬೇಕು. ಬೆಂಚನ್ನು ಬೀದಿಗೆ ಬೆನ್ನಾಗುವಂತೆ ಗೋಡೆಯ ಕಡೆ ತಿರುಗಿಸಿದೆವು. ಹತ್ತು ಸುತ್ತಿಗೊಂದು ಸೀಮೆಸುಣ್ಣದ ಗೀಟು ಎಳೆಯಲು ಹೇಳಿದೆ. ಎರಡೂ ಕೈಯಲ್ಲಿ ತಂತಿ ಬಿಗಿಹಿಡಿದವನು ಸೀಮೆಸುಣ್ಣ ಎಲ್ಲಿಂದ ಎತ್ತಿಕೊಳ್ಳಬೇಕು? ಅದನ್ನು ಕೈಬಿಟ್ಟು, ತೊಡೆಯ ಹತ್ತಿರ ಎರಡು ಡಬ್ಬಿ ಮುಚ್ಚಳ ಇಟ್ಟು, ಒಂದರಲ್ಲಿ ನಟ್ಟುಗಳನ್ನು ಹಾಕಿದೆ. ಹತ್ತು ಸುತ್ತಾದರೆ ಒಂದು ನಟ್ಟನ್ನು ಬೆರಳ ತುದಿಯಿಂದ ಆ ಕಡೆಯ ಮುಚ್ಚಳಕ್ಕೆ ನೂಕುವುದು. ತಲೆಯಲ್ಲಿ ಹತ್ತರ ತನಕ ಮಾತ್ರ ಇದ್ದರೆ ಸಾಕು, ಮಿಕ್ಕದ್ದನ್ನು ನಟ್ಟು ನೆನಪಿಡುತ್ತದೆ. ಈ ಉಪಾಯಕ್ಕೆ ನಾನು ಇವತ್ತಿಗೂ ನನ್ನ ಬೆನ್ನನ್ನು ತಟ್ಟಿಕೊಳ್ಳುತ್ತೇನೆ.

ಮಾರನೆಯ ದಿನವೂ ಎಣಿಕೆ ತಪ್ಪಿತು. ಯಾಕೆಂದು ನೋಡಿದರೆ ಭಾವ! ಗಳಿಗೆಗೊಂದು ಸಲ ಹಿಂದೆ ಬಂದು ನಿಂತು "ಎಷ್ಟಾಯ್ತಲಾ?" ಎನ್ನುವುದು. ಅವರ ಅಂಗಡಿ, ಅವರ ತಾಮ್ರ, ಅವರ ಆತಂಕ, ಎಲ್ಲ ನಿಜವೇ. ಆದರೂ ನಾನು ತಡೆದುಕೊಳ್ಳಲಿಲ್ಲ.

"ನೀವು ಹೋಗಿ ಕೌಂಟರಿನಲ್ಲಿ ನಿಂತುಕೊಳ್ಳಿ. ಅದು ನಿಮ್ಮ ಜಾಗ. ಇವನು ಮುಗಿಸಿ ಕರೆಯೋ ತನಕ ಈ ಕಡೆ ತಲೆ ಹಾಕಬೇಡಿ."

"ನಮ್ಮಂಗ್ಡಿಲಿ ನಮ್ಗೇ ಇಂಗಾ ಮೇಡಂ?" ಎಂದು ಗೊಣಗಿದರು. ಆದರೂ ಹೋದರು.

ವಾರದ ಕೊನೆಗೆ ಗುಜರಿ ಮೋಟರು ಮುಗಿಯಿತು. ಭಾವ ಬಲ್ಬಿಗೆ ತಂತಿ ಜೋಡಿಸಿ ಎಲ್ಲಾದರೂ ಶಾರ್ಟಾಗಿದೆಯೇ ಎಂದು ಒಂದೊಂದೇ ತುದಿ ಮುಟ್ಟಿಸಿ ನೋಡಿದರು. ಬಲ್ಬು ಹತ್ತಬಾರದ ಕಡೆ ಹತ್ತಲಿಲ್ಲ. ಮತ್ತೆ ಮುಟ್ಟಿಸಿದರು. ಆಮೇಲೆ ಅದನ್ನು ನೀರಿನ ತೊಟ್ಟಿಗೆ ಇಳಿಸಿ ಕರೆಂಟು ಕೊಟ್ಟರು. ತೊಟ್ಟಿಯ ನೀರು ಸಣ್ಣಗೆ ನಡುಗಿತು, ಮೋಟರು ಗುಂಯ್ ಎಂದಿತು. ಭಾವ ಬಗ್ಗಿ ಕಿವಿಗೊಟ್ಟು ಬಹಳ ಹೊತ್ತು ಕೇಳಿದರು. ನಾನು ನೋಡಲು ಬಂದಿದ್ದ ಅಕ್ಕನ ಕೈ ಹಿಡಿದುಕೊಂಡಿದ್ದೆ, ಅಥವಾ ಅವಳೇ ನನ್ನದನ್ನು ಹಿಡಿದುಕೊಂಡಿದ್ದಳು.

ಭಾವ ಎದ್ದು ಕೈ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಫೋನು ಹಚ್ಚಿದರು. "ಅಲೋ... ಊಂ ಕಣಪ್ಪ, ನಾನೇ. ಬರಬ್ಯಾಡ ಬುಡು. ಬೆಂಚಿಗೆ ನಮ್ಮುಡುಗ ಬಂದ."

ತಮ್ಮ ಕೇಳಿಸಿದರೂ ಕೇಳಿಸದವನಂತೆ ನಟ್ಟುಗಳನ್ನೆಲ್ಲ ಮೊದಲ ಮುಚ್ಚಳಕ್ಕೆ ಸುರಿದ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಬಸ್ಸಿನಲ್ಲಿ ಹಾಸನದವರೆಗೂ ಒಬ್ಬಳೇ ನಗುತ್ತಾ ಬಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನನ್ನು ಅನುಮಾನದಿಂದ ನೋಡಿದರು.

ಎಲ್ಲವೂ ಒಮ್ಮೆಗೇ ಸರಿಹೋಯಿತೆಂದು ಹೇಳಲಾರೆ. ಒಂದೆರಡು ಮೋಟರಿನಲ್ಲಿ ಎಣಿಕೆ ತಪ್ಪಿ ಬಿಚ್ಚಿ ಸುತ್ತಿದ್ದಾನೆ. ಸುಸ್ತೆಂದು ಮನೆಯಲ್ಲಿ ಮಲಗಿದ ದಿನಗಳಿವೆ. ಬೆಳಿಗ್ಗೆಯ ಮಾತ್ರೆಯನ್ನು ಬೆಂಚಿನ ಕೆಲಸಕ್ಕೇ ಗಂಟು ಹಾಕಿದೆವು. ನಟ್ಟಿನ ಡಬ್ಬಿಯಲ್ಲೇ ಮಾತ್ರೆಯ ಸ್ಟ್ರಿಪ್ಪು. ಡಬ್ಬಿ ತೆರೆದರೆ ಮೊದಲು ಮಾತ್ರೆ, ಆಮೇಲೆ ತಂತಿ. ಭಾವ ಕೂಡ ಮೋಟರುಗಳ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆಯಲು ಶುರುಮಾಡಿದರು. "ನಂಗಲ್ಲ ಮೇಡಂ, ಇರ್ಲಿ ಅಂತ," ಎಂದರು. ಧ್ವನಿ ಮರಳಲಿಲ್ಲ, ನಿದ್ದೆ ಕೆಡಲಿಲ್ಲ. ಬೇಸಿಗೆಯ ನಡುವೆ ಮತ್ತೆ ಪರೀಕ್ಷೆ ಮಾಡಿದೆ. ಗಮನ ಒಂದಿಷ್ಟು ಮೇಲೇರಿತ್ತು, ಪದಗಳು ಮಾತ್ರ ಹಿಂದಿನಷ್ಟೇ. ಡಾಕ್ಟರು ಅದನ್ನು ನೋಡಿದರು, ಅಕ್ಕ ತಂದು ತೋರಿಸಿದ ಖಾಲಿ ಮಾತ್ರೆ ಸ್ಟ್ರಿಪ್ಪುಗಳನ್ನೂ ನೋಡಿದರು. ಈಗ ಬೇರೆ ತಾಲ್ಲೂಕಿನಲ್ಲಿ ಇಂಥ ರೋಗಿ ಬಂದರೆ, "ಮೊದಲು ಅವನ ಕೆಲಸದ ಜಾಗ ನೋಡಿಕೊಂಡು ಬಾ, ಆಮೇಲೆ ಅಂಕ ಹೇಳು" ಎಂದು ಅವರೇ ನನ್ನನ್ನು ಕಳಿಸುತ್ತಾರೆ.

ಆ ಬೇಸಿಗೆಯ ಕೊನೆಗೆ ಒಂದು ದಿನ ಹೊಳೆನರಸೀಪುರದ ಕೆಲಸ ಮುಗಿಸಿ ಅಂಗಡಿಯ ಕಡೆ ನಡೆದೆ. ಮುಂದೆ ಗಿರಾಕಿಗಳು ಗುಂಪಾಗಿ ಕೂತಿದ್ದರು. ಎಲ್ಲರೂ ಇದ್ದರೂ ಅಂಗಡಿ ತಣ್ಣಗಿತ್ತು, ಭಾವ ಕೂಡ ಕೌಂಟರಿನಲ್ಲಿ ಪಿಸುಮಾತಿನಲ್ಲೇ ವ್ಯವಹಾರ ನಡೆಸುತ್ತಿದ್ದರು. ಒಳಗೆ ಗೋಡೆಯ ಕಡೆ ಮುಖ ಮಾಡಿ ಕೂತ ತಮ್ಮನ ಬೆನ್ನು ಕಂಡಿತು. ನಾನು ಸಂತೋಷ ತಡೆಯಲಾರದೆ ಬಾಗಿಲಿನಿಂದಲೇ "ಏನಪ್ಪಾ, ಹೇಗಿದ್ದೀಯ?" ಎಂದುಬಿಟ್ಟೆ.

ಬೆಂಚಿಗೆ ಹತ್ತಿರ ಕೂತಿದ್ದ ರೈತರೊಬ್ಬರು ಗಕ್ಕನೆ ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಅವತ್ತು ಇದೇ ಅಂಗಡಿಯ ಮುಂದೆ ಬೀದಿಗೆಲ್ಲ ಕೇಳುವಂತೆ ಕೂಗಾಡಿದ್ದ ಹಳೇಕೋಟೆಯವರು ಅವರೇ ಎಂದು ಭಾವ ನನಗೆ ಆಮೇಲೆ ಹೇಳಿದರು.

"ಸುಮ್ಕಿರಿ ಕಣಮ್ಮ," ಎಂದು ಅವರು ಪಿಸುಗುಟ್ಟಿದರು. "ನಮ್ಮ ಮೋಟ್ರು ಸುತ್ತಾವ್ನೆ. ಎಣಿಸ್ಲಿ."

ನಾನು ಬಾಯಿ ಮುಚ್ಚಿಕೊಂಡು ಅವರ ಪಕ್ಕದಲ್ಲೇ ಕೂತೆ. ಒಳಗೆ ಒಂದು ನಟ್ಟು ಟಣ್ಣೆಂದು ಆ ಕಡೆಯ ಮುಚ್ಚಳಕ್ಕೆ ಬಿತ್ತು.